ಗೊತ್ತಿಲ್ಲದಾಗ ಖಾಲಿ ಬಿಡುವ ವಾಚ್ ಕೊಡಿ

ಚುಚ್ಚದೇ ಶುಗರ್ ಅಳೆಯುವ ಸಾಧನ ಮಾಡುತ್ತಿರುವವರಿಗೆ, ಮಾರುವವರಿಗೆ, ಅವಕ್ಕೆ ಅನುಮತಿ ಕೊಡುವವರಿಗೆ,

ನಮಸ್ಕಾರ.

ರಾತ್ರಿ 2 ಗಂಟೆಗೆ ನಮ್ಮ ಮನೆಯಲ್ಲಿ ಒಂದು ಅಲಾರಂ ಹೊಡೆಯುತ್ತದೆ. ಬೇರೆಯವರಿಗೆ ಎಚ್ಚರ ಆಗದಿರಲಿ ಅಂತ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ಎದ್ದು, ಅದರ ಬೆಳಕನ್ನು ಅಂಗೈಯಲ್ಲಿ ಅರ್ಧ ಮುಚ್ಚಿಕೊಂಡು ಮಗಳ ಹಾಸಿಗೆ ಹತ್ತಿರ ಹೋಗುತ್ತೇನೆ. ಅವಳಿಗೆ ಈಗ ಹನ್ನೊಂದು ವರ್ಷ. ಟೈಪ್ 1 ಡಯಾಬಿಟಿಸ್ ಬಂದು ಐದು ವರ್ಷ ಆಯಿತು. ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ, ನಾವೇ ಕೊಡಬೇಕು. ಹಾಗೆ ಕೊಟ್ಟಾಗ ಶುಗರ್ ನಿದ್ದೆಯಲ್ಲೂ ತೀರಾ ಇಳಿದುಬಿಡಬಹುದು, ಅದಕ್ಕೇ ಈ ಅಲಾರಂ. ನಾನು ಪಕ್ಕದಲ್ಲಿ ಕೂತದ್ದು ಗೊತ್ತಾದರೆ ಸಾಕು, ನಿದ್ದೆಯಲ್ಲೇ ಕೈ ಚಾಚುತ್ತಾಳೆ. ಬೆರಳ ತುದಿಯ ನಡುವೆ ಚುಚ್ಚಿದರೆ ನೋವು ಜಾಸ್ತಿ. ಅದಕ್ಕೆ ಪಕ್ಕದಲ್ಲಿ ಚುಚ್ಚುತ್ತೇನೆ. ಅಲ್ಲಿ ಚರ್ಮ ಗಟ್ಟಿಯಾಗಿಬಿಟ್ಟಿದೆ. ಪೆನ್ಸಿಲ್ ಮೊನೆ ತಾಗಿಸಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಬೆರಳನ್ನು ಬುಡದಿಂದ ಮೆಲ್ಲಗೆ ಒತ್ತಿ, ಒಂದು ಹನಿ ಬಂದಮೇಲೆ ಸ್ಟ್ರಿಪ್‌ಗೆ ತಾಗಿಸಿ ಐದು ಸೆಕೆಂಡ್ ಕಾಯುತ್ತೇನೆ. ಮೀಟರ್ ಒಂದೊಂದೇ ಸೆಕೆಂಡ್ ಎಣಿಸುವಾಗ ನನಗೆ ಉಸಿರಾಡುವುದೇ ಮರೆತುಹೋಗುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಚುಚ್ಚದ ಸಾಧನ ಬರಲಿ ಅಂತ ನಮ್ಮಷ್ಟು ಆಸೆಯಿಂದ ಕಾಯುತ್ತಿರುವವರು ಬೇರೆ ಯಾರಿದ್ದಾರೆ? ನಿಮ್ಮ ಕೆಲಸಕ್ಕೆ ಅಡ್ಡಗಾಲು ಹಾಕುವ ಉದ್ದೇಶ ನನಗಿಲ್ಲ. ನೀವು ಗೆಲ್ಲಬೇಕು. ಆದರೆ ಗೆಲ್ಲುವ ಮುಂಚೆಯೇ ಗೆದ್ದೆವು ಅಂತ ಹೇಳಿದರೆ ಅದರ ಪೆಟ್ಟು ಬೀಳುವುದು ನಮ್ಮ ಮಕ್ಕಳ ಮೇಲೆ. ಆ ಪೆಟ್ಟು ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಅವಳ ಹುಟ್ಟಿದ ಹಬ್ಬಕ್ಕೆ ಚಿಕ್ಕಪ್ಪ ಒಂದು ವಾಚ್ ತಂದುಕೊಟ್ಟ. ಹೃದಯ ಬಡಿತ, ನಿದ್ದೆ, ಹೆಜ್ಜೆ, ಜೊತೆಗೆ ಶುಗರ್. ಸೂಜಿ ಇಲ್ಲ, ಸ್ಟ್ರಿಪ್ ಇಲ್ಲ. ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುತ್ತದೆ, ಮುಂದೆ ಸಂಖ್ಯೆ ಬರುತ್ತದೆ. ಅವನು ಪ್ರೀತಿಯಿಂದಲೇ ತಂದಿದ್ದ. ಮಗಳು ಅದನ್ನು ಕಟ್ಟಿಕೊಂಡು ಇಡೀ ದಿನ ಮಣಿಕಟ್ಟನ್ನೇ ನೋಡುತ್ತಾ ಇದ್ದಳು. "ಅಪ್ಪಾ, ಇನ್ಮೇಲೆ ಚುಚ್ಚೋದು ಬೇಡ ಅಲ್ವಾ?" ಅಂದಳು. ನೋಡೋಣ ಪುಟ್ಟಿ ಅಂದೆ. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕು ದಿನ ಮೀಟರ್ ಜೊತೆ ಹೋಲಿಸಿ ನೋಡಿದೆವು. ಮೀಟರ್ 124 ಅಂದರೆ ವಾಚ್ 118. ಮೀಟರ್ 110 ಅಂದರೆ ವಾಚ್ 115. ಮನೆಯಲ್ಲಿ ಎಲ್ಲರ ಮುಖ ಅರಳಿತು. ಐದನೇ ದಿನ ಸಂಜೆ ಅವಳು ಹೋಂವರ್ಕ್ ಬರೆಯುತ್ತಾ ಕೂತಿದ್ದಳು. ನಾನು ಹಿಂದಿನಿಂದ ಹಾದುಹೋಗುವಾಗ ಪುಸ್ತಕದ ಕಡೆ ಕಣ್ಣು ಹೋಯಿತು. ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರುತ್ತಿದ್ದವು. ಒಂದೇ ಪದವನ್ನು ಮೂರು ಸಲ ಬರೆದಿದ್ದಳು. ಮುಖ ನೋಡಿದರೆ ಮೇಲ್ತುಟಿಯ ಮೇಲೆ ಬೆವರ ಹನಿ. ಕೈ ಹಿಡಿದರೆ ತಣ್ಣಗೆ. ವಾಚ್‌ನಲ್ಲಿ 108. ಮೀಟರ್‌ನಲ್ಲಿ 46.

ಗ್ಲೂಕೋಸ್ ನೀರು ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 71. ಆಮೇಲೆ ಅವಳು ಅಳುತ್ತಾ ಒಂದು ಮಾತು ಹೇಳಿದಳು: "ನಂಗೆ ಒಂಥರಾ ಆಗ್ತಿತ್ತು. ಆದ್ರೆ ವಾಚ್ ಸರಿ ಇದೆ ಅಂತಿತ್ತು, ಅದಕ್ಕೇ ಹೇಳ್ಲಿಲ್ಲ." ಈ ಪತ್ರ ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಆ ಮಾತಿನಿಂದ. ವಾಚ್ ತಪ್ಪು ಹೇಳಿತು, ಅದು ಒಂದು. ಅದಕ್ಕಿಂತ ದೊಡ್ಡದು, ಅವಳು ತನ್ನ ಮೈ ಹೇಳಿದ್ದನ್ನು ನಂಬದ ಹಾಗೆ ಅದು ಮಾಡಿಬಿಟ್ಟಿತು.

ರಾತ್ರಿ ಆ ವಾಚನ್ನು ಒಂದು ಟವೆಲ್ ಸುರುಳಿ ಸುತ್ತಿ ಅದಕ್ಕೆ ಕಟ್ಟಿದೆ. ಟವೆಲ್‌ನ ಶುಗರ್ 103 ಅಂತ ಬಂತು.

ಹಾಗಾದರೆ ನಾಲ್ಕು ದಿನ ಸರಿಯಾಗಿ ಹೇಗೆ ತೋರಿಸಿತು? ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಮೊದಲು ಹಾಕಿಕೊಳ್ಳುವಾಗ ಅದು ಮೀಟರ್‌ನ ಒಂದು ಸಂಖ್ಯೆ ಕೇಳಿತ್ತು. ಊಟದ ಹೊತ್ತನ್ನೂ ಕೇಳಿತ್ತು. ನಾವು ಕೊಟ್ಟ ಸಂಖ್ಯೆಯನ್ನೇ ಸ್ವಲ್ಪ ಆಚೀಚೆ ಮಾಡಿ, ಊಟ ಆದಮೇಲೆ ಸ್ವಲ್ಪ ಏರಿಸಿ, ನಮಗೇ ವಾಪಸ್ ಕೊಡುತ್ತಿತ್ತು ಅಂತ ಕಾಣುತ್ತದೆ. ಶುಗರ್ ಮಟ್ಟವಾಗಿ ಇರುವ ದಿನ ಇಷ್ಟು ಸಾಕು, ನಿಜ ಅಂತಲೇ ಅನ್ನಿಸುತ್ತದೆ. ಡಯಾಬಿಟಿಸ್ ಇಲ್ಲದವರ ಶುಗರ್ ದಿನದ ಹೆಚ್ಚು ಹೊತ್ತು 70ರಿಂದ 140ರ ನಡುವೆಯೇ ಇರುತ್ತದೆ. ಅವರ ಕೈಗೆ ಏನನ್ನೂ ಅಳೆಯದ, ಯಾವಾಗಲೂ 100 ಅಂತಲೇ ತೋರಿಸುವ ಒಂದು ಡಬ್ಬ ಕಟ್ಟಿದರೂ ಅದರ ತಪ್ಪು ಬಹಳಷ್ಟು ಸಲ 20 ಶೇಕಡಾ ಒಳಗೇ ಇರುತ್ತದೆ. ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿ ಇಷ್ಟು ನಿಖರ ಅಂತ ಹೇಳುವವರು ದಯವಿಟ್ಟು ಇದನ್ನು ಯೋಚಿಸಿ. ಆ ನಿಖರತೆ ಸಾಧನದ್ದೋ, ಹಾಕಿಕೊಂಡವರ ಆರೋಗ್ಯದ್ದೋ?

ಇನ್ನೊಂದು ಪರೀಕ್ಷೆಯೂ ಇದೆ. ಸಕ್ಕರೆ ನೀರು ಕುಡಿಸಿ, ಎರಡು ಗಂಟೆ ಕೂರಿಸಿ, ಏರಿ ಇಳಿಯುವುದನ್ನು ಸಾಧನ ಹಿಂಬಾಲಿಸುತ್ತದೆಯೇ ಅಂತ ನೋಡುವುದು. ಕೂತಲ್ಲೇ ಕೂತವರ ಚರ್ಮದ ಬಿಸಿ, ರಕ್ತದ ಹರಿವು, ವಾಚ್ ಒತ್ತುವ ಬಿಗಿ, ಇವೆಲ್ಲವೂ ಆ ಎರಡು ಗಂಟೆಯಲ್ಲಿ ಮೆಲ್ಲಗೆ ಬದಲಾಗುತ್ತಾ ಹೋಗುತ್ತವೆ. ಅದರಲ್ಲಿ ಯಾವುದೋ ಒಂದು ಶುಗರ್ ಜೊತೆ ಹೆಜ್ಜೆ ಹಾಕಿದ ಹಾಗೆ ಕಂಡರೆ ಸಾಧನ ಅದನ್ನೇ ಕಲಿತುಬಿಡುತ್ತದೆ. ಶುಗರನ್ನು ಯಾವುದೇ ಕ್ರಮ ಇಲ್ಲದೆ, ಬೇಕೆಂದೇ ಏರಿಸಿ ಇಳಿಸಿ, ಮತ್ತೆ ಏರಿಸಿ ನೋಡಿದಾಗ ಮಾತ್ರ ನಿಜ ಹೊರಗೆ ಬರುತ್ತದೆ.

ನನ್ನ ತಮ್ಮ ಕೇಳಿದ, ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ಅಳೆಯುತ್ತಾರಲ್ವಾ, ಶುಗರ್ ಯಾಕೆ ಆಗಲ್ಲ ಅಂತ. ಒಳ್ಳೆಯ ಪ್ರಶ್ನೆ. ಆಕ್ಸಿಜನ್ ಹೊತ್ತುಕೊಳ್ಳುವ ಹಿಮೋಗ್ಲೋಬಿನ್‌ಗೆ ಬಣ್ಣ ಇದೆ. ಆಕ್ಸಿಜನ್ ಇದ್ದಾಗ ಒಂದು ಕೆಂಪು, ಬಿಟ್ಟುಕೊಟ್ಟಾಗ ಇನ್ನೊಂದು. ಬೆಳಕಿಗೆ ಅದು ಎದ್ದು ಕಾಣುತ್ತದೆ. ಗ್ಲೂಕೋಸ್‌ಗೆ ಬಣ್ಣವೇ ಇಲ್ಲ. ಇರುವುದೂ ತೀರಾ ಕಡಿಮೆ. ಶುಗರ್ 100 ಅಂದರೆ ಒಂದು ಲೀಟರ್ ರಕ್ತದಲ್ಲಿ 1 ಗ್ರಾಂ. ದೊಡ್ಡವರ ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತಕ್ಕೆಲ್ಲ ಸೇರಿ ಒಂದು ಚಮಚದಷ್ಟು. 70 ಅಂದರೆ ಎಚ್ಚರಿಕೆ, 54ಕ್ಕಿಂತ ಕೆಳಗೆ ಅಂದರೆ ಅಪಾಯ. ಈ ಎರಡರ ನಡುವಿನ ಅಂತರ ಲೀಟರಿಗೆ 0.16 ಗ್ರಾಂ. ಇಷ್ಟನ್ನು ಚರ್ಮ, ಕೊಬ್ಬು, ರಾಶಿ ನೀರು ಇವುಗಳ ಹಿಂದೆ ನಿಂತು ಹುಡುಕಬೇಕು. ಚರ್ಮದ ಬಿಸಿ ಒಂದು ಡಿಗ್ರಿ ಆಚೀಚೆ ಆದರೂ ನೀರು ಬೆಳಕನ್ನು ಹೀರುವ ರೀತಿ ಬದಲಾಗುತ್ತದೆ. ಆ ಗದ್ದಲದಲ್ಲಿ ಸಕ್ಕರೆಯ ಪಿಸುಮಾತು ಮುಳುಗಿಹೋಗಬಹುದು.

ಬೆವರು, ಕಣ್ಣೀರು, ಜೊಲ್ಲಿನಲ್ಲಿ ಹುಡುಕುವವರ ಪಾಡೂ ಸುಲಭವಲ್ಲ. ಅಲ್ಲೆಲ್ಲ ಸಕ್ಕರೆ ರಕ್ತಕ್ಕಿಂತ ಎಷ್ಟೋ ಪಟ್ಟು ಕಡಿಮೆ.

ತೋಳಿಗೆ ಅಂಟಿಸುವ ಸೆನ್ಸರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಜಾಹೀರಾತುಗಳಲ್ಲಿ ಎರಡನ್ನೂ ಸೇರಿಸಿ ಗೊಂದಲ ಮಾಡುತ್ತಾರೆ. ಅದು ಚುಚ್ಚದ ಸಾಧನ ಅಲ್ಲ. ಕೂದಲಿನ ಹಾಗಿರುವ ಒಂದು ಎಳೆ ಚರ್ಮದ ಕೆಳಗೆ ಇಳಿದಿರುತ್ತದೆ. ಅದರ ಮೇಲಿನ ಕಿಣ್ವ ಗ್ಲೂಕೋಸ್ ಜೊತೆ ಸೇರಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ, ಅದನ್ನು ಅಳೆಯುತ್ತಾರೆ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿದ ದಾರಿ ಅದು. ನಿಜವಾಗಿ ಗ್ಲೂಕೋಸನ್ನೇ ಮುಟ್ಟಿ ನೋಡುವುದರಿಂದ ಅದನ್ನು ನಂಬಬಹುದು. ನಾವೂ ಬಳಸಿದ್ದೇವೆ. ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ, ಆ ತೋಳಿನ ಮೇಲೆ ಒರಗಿ ಮಲಗಿದರೆ ಸುಮ್ನೆ ಲೋ ಅಂತ ಕೂಗುತ್ತದೆ, ಆದರೂ ನೆಮ್ಮದಿ ಕೊಟ್ಟಿತ್ತು. ಮಗಳ ಚರ್ಮಕ್ಕೆ ಅಂಟು ಒಗ್ಗಲಿಲ್ಲ. ಕೆಂಪಾಗಿ, ತುರಿಸಿ, ನೀರು ಒಸರಲು ಶುರುವಾಯಿತು. ಹಾಗಾಗಿ ಮತ್ತೆ ಬೆರಳಿಗೇ ಬಂದೆವು. ನೀವು ಮಾಡುತ್ತಿರುವ ಸಾಧನ ನಮ್ಮಂಥವರಿಗೆ ಯಾಕೆ ಅಷ್ಟು ಮುಖ್ಯ ಅಂತ ಈಗ ತಿಳಿಯಿತಲ್ವಾ?

ನಿಮ್ಮ ದಾರಿಯಲ್ಲಿ ನಿಮಗಿಂತ ಮುಂಚೆ ನಡೆದವರಿದ್ದಾರೆ. ಗ್ಲೂಕೋವಾಚ್ ಅನ್ನುವ ಸಾಧನಕ್ಕೆ 2001ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತ್ತು. ಸಣ್ಣ ವಿದ್ಯುತ್ ಹರಿಸಿ ಚರ್ಮದ ಮೂಲಕ ದ್ರವ ಎಳೆದುಕೊಂಡು ಅದರಲ್ಲಿ ಗ್ಲೂಕೋಸ್ ಅಳೆಯುತ್ತಿತ್ತು. ಹಾಕಿಕೊಂಡು ಎರಡು ಮೂರು ಗಂಟೆ ಕಾಯಬೇಕಿತ್ತು, ಬೆರಳು ಚುಚ್ಚಿ ಸರಿಹೊಂದಿಸಬೇಕಿತ್ತು, ಚರ್ಮ ಉರಿಯುತ್ತಿತ್ತು. ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಶುಗರ್ ಹತೋಟಿ ಏನೂ ಸುಧಾರಿಸಲಿಲ್ಲ, ಮಕ್ಕಳು ಅದನ್ನು ಕಟ್ಟಿಕೊಳ್ಳುವುದನ್ನೇ ಕಡಿಮೆ ಮಾಡಿದರು. ಕೊನೆಗೆ ಮಾರುಕಟ್ಟೆಯಿಂದ ಹೋಯಿತು. ಅದಕ್ಕೆ ಇನ್ನೊಂದು ತೊಂದರೆ ಇತ್ತು: ಬೆವರು ಜಾಸ್ತಿ ಆದರೆ ಸಂಖ್ಯೆ ತೋರಿಸದೆ ಆ ಸಲದ ಅಳತೆಯನ್ನು ಬಿಟ್ಟುಬಿಡುತ್ತಿತ್ತು. ಶುಗರ್ ಇಳಿದಾಗಲೇ ಬೆವರು ಬರುವುದು, ಹಾಗಾಗಿ ಅದು ಕೊರತೆಯೇ. ಆದರೂ ನನಗೆ ಆ ಗುಣದ ಮೇಲೆ ಗೌರವ ಇದೆ. ಅಳೆಯಲು ಆಗದಿದ್ದಾಗ ಅದು ಊಹೆ ಮಾಡಲಿಲ್ಲ. ಖಾಲಿ ಬಿಟ್ಟಿತು. ಖಾಲಿ ಕಂಡರೆ ಅಪ್ಪ ಅಮ್ಮ ಮೀಟರ್ ತೆಗೆಯುತ್ತಾರೆ. 108 ಕಂಡರೆ ತೆಗೆಯುವುದಿಲ್ಲ.

2014ರಲ್ಲಿ ಗೂಗಲ್ ಕಣ್ಣೀರಿನ ಸಕ್ಕರೆ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ಮಾಡುತ್ತೇವೆ ಅಂತ ಘೋಷಿಸಿತು. ಆಗ ನೊವಾರ್ಟಿಸ್ ಔಷಧ ಕಂಪನಿಯ ಭಾಗವಾಗಿದ್ದ, ಕಣ್ಣಿನ ಸಾಧನ ಮಾಡುವ ಆಲ್ಕಾನ್ ಕೈಜೋಡಿಸಿತು. 2018ರಲ್ಲಿ ಗೂಗಲ್ ಬಳಗದ ವೆರಿಲಿ ಆ ಕೆಲಸ ನಿಲ್ಲಿಸಿತು. ಕಣ್ಣೀರಿನ ಗ್ಲೂಕೋಸ್‌ಗೂ ರಕ್ತದ ಗ್ಲೂಕೋಸ್‌ಗೂ ನಂಬುವಷ್ಟು ಹೊಂದಾಣಿಕೆ ಸಿಗಲಿಲ್ಲ ಅಂತ ಬಹಿರಂಗವಾಗಿ ಹೇಳಿತು. ಅಷ್ಟು ಹಣ, ಅಷ್ಟು ಹೆಸರು ಇದ್ದವರು ಆಗಲಿಲ್ಲ ಅಂತ ಒಪ್ಪಿಕೊಂಡರು. ನಮ್ಮ ಪಾಲಿಗೆ ಅದು ದೊಡ್ಡ ಉಪಕಾರ.

ಒಳ್ಳೆಯ ಸುದ್ದಿಯೂ ಇದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು, ಚೆದುರಿ ವಾಪಸ್ ಬರುವ ಬೆಳಕಿನ ಬದಲಾವಣೆಯಿಂದ ವಸ್ತುವನ್ನು ಗುರುತಿಸುವ ರಾಮನ್ ವಿಧಾನದಲ್ಲಿ ಜೀವಂತ ಹಂದಿಗಳ ಕಿವಿಯ ಚರ್ಮದಿಂದ ಗ್ಲೂಕೋಸ್‌ನದೇ ಗುರುತನ್ನು ನೇರವಾಗಿ ಹಿಡಿದರು. ಊಹೆಯಲ್ಲ, ಅದರದೇ ಗುರುತು. ಬಾಗಿಲು ಮುಚ್ಚಿಲ್ಲ ಅಂತ ಅದನ್ನು ಓದಿದ ದಿನ ನನಗೆ ಅನ್ನಿಸಿತು. ಪ್ರಯೋಗಾಲಯದಿಂದ ಓಡಾಡುವ, ಬೆವರುವ, ಸೈಕಲ್ ಹೊಡೆಯುವ ಮಗುವಿನ ಮಣಿಕಟ್ಟಿಗೆ ಬರಲು ಇನ್ನೂ ದೂರ ಇದೆ ಅಂತಲೂ ಗೊತ್ತು. ಕಾಯುತ್ತೇವೆ.

ಕಾಯುವ ನಮಗೆ ನೀವು ಮಾಡಬೇಕಾದ್ದು ಇಷ್ಟು.

ಶುಗರ್ 70ಕ್ಕಿಂತ ಕೆಳಗೆ ಇದ್ದಾಗ ನಿಮ್ಮ ಸಾಧನ ಎಷ್ಟು ಸಲ, ಎಷ್ಟು ತಪ್ಪಿತು ಅನ್ನುವುದನ್ನು ಪೆಟ್ಟಿಗೆಯ ಮೇಲೆ ಬರೆಯಿರಿ. ದೊಡ್ಡ ಅಕ್ಷರದಲ್ಲಿ. ಸರಾಸರಿ ತಪ್ಪು 10 ಶೇಕಡಾ ಅಂತ ಬರೆದರೆ ಸಾಲದು. ಯಾವುದೇ ಪರೀಕ್ಷೆಯಲ್ಲಿ 70ಕ್ಕಿಂತ ಕೆಳಗಿನ ಅಳತೆಗಳು ಸಿಗುವುದೇ ಕಡಿಮೆ. ಅಲ್ಲಿ ಸಾಧನ ಪೂರ್ತಿ ಎಡವಿದ್ದರೂ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. 150 ಇರುವಾಗ 165 ತೋರಿಸಿದರೆ ನಮಗೇನೂ ಆಗುವುದಿಲ್ಲ. 46 ಇರುವಾಗ 108 ತೋರಿಸಿದರೆ ಮಗು ಪ್ರಜ್ಞೆ ತಪ್ಪಬಹುದು. ಇಳಿದಿರುವಾಗ ಏರಿದೆ ಅಂತ ತೋರಿಸಿ, ಅದನ್ನು ನಂಬಿ ನಾವು ಇನ್ಸುಲಿನ್ ಕೊಟ್ಟರೆ ಜೀವವೇ ಹೋಗಬಹುದು. ಬೆರಳು ಚುಚ್ಚುವ ಮೀಟರ್‌ಗೂ ತಪ್ಪಲು ಅವಕಾಶ ಇದೆ, ಆದರೆ ಅದಕ್ಕೊಂದು ಗೆರೆ ಇದೆ. ಐಎಸ್‌ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ಕ್ಕಿಂತ ಕೆಳಗೆ, ನೂರರಲ್ಲಿ 95 ಅಳತೆಗಳು ನಿಜದಿಂದ 15 ಅಂಕಕ್ಕಿಂತ ಆಚೆ ಹೋಗಬಾರದು. ನಿಮ್ಮ ಸಾಧನ ಆ ಗೆರೆಯ ಒಳಗೆ ಬರುವುದಿಲ್ಲ ಅಂದರೆ ಆ ಮಾತನ್ನೇ ಬರೆಯಿರಿ. ಬೇರೆ ಕೆಲಸಕ್ಕೆ ಅದು ಉಪಯೋಗ ಆಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ದೂರ ಇರುತ್ತಾರೆ.

ಸಂಕೇತ ಸರಿಯಾಗಿ ಸಿಗದಿದ್ದಾಗ ಸಂಖ್ಯೆ ತೋರಿಸಬೇಡಿ. ಎರಡು ಗೆರೆ ಹಾಕಿ ಸಾಕು. ಟವೆಲ್‌ಗೆ ಕಟ್ಟಿದಾಗ ಟವೆಲ್ ಅಂತ ತಿಳಿಯದ ಸಾಧನಕ್ಕೆ ಮಗುವಿನ ಶುಗರ್ ಹೇಳುವ ಹಕ್ಕಿಲ್ಲ.

ಪರೀಕ್ಷೆಗೆ ಎಲ್ಲ ಬಣ್ಣದ ಚರ್ಮದವರನ್ನು ಕರೆಯಿರಿ. ಇದನ್ನು ಮನಸ್ಸಿಟ್ಟು ಕೇಳುತ್ತಿದ್ದೇನೆ. ಆಕ್ಸಿಜನ್ ಕ್ಲಿಪ್ ಬಂದು ದಶಕಗಳೇ ಆಗಿದ್ದವು. ಅದು ಎಲ್ಲರಿಗೂ ಒಂದೇ ರೀತಿ ಅಳೆಯುತ್ತದೆ ಅಂತಲೇ ಬಹಳ ಜನ ನಂಬಿದ್ದರು. 2020ರಲ್ಲಿ ಅಮೆರಿಕದ ಆಸ್ಪತ್ರೆ ದಾಖಲೆಗಳನ್ನು ನೋಡಿದಾಗ, ಆಕ್ಸಿಜನ್ ಇಳಿದದ್ದು ಆ ಕ್ಲಿಪ್‌ಗೆ ಕಾಣದೇ ಹೋಗುವುದು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಅಂತ ಗೊತ್ತಾಯಿತು. ಚರ್ಮದ ಬಣ್ಣ ಬೆಳಕನ್ನು ಹೀರುತ್ತದೆ. ನನ್ನ ಮಗಳದು ಕಪ್ಪು ಮೈಬಣ್ಣ. ಬೆಳಕಿನ ಮೇಲೆ ನಿಂತ ಯಾವ ಸಾಧನ ಬಂದರೂ, ಅವಳಂಥ ಎಷ್ಟು ಮಕ್ಕಳ ಮೇಲೆ ನೋಡಿದ್ದೀರಿ ಅಂತಲೇ ನಾನು ಮೊದಲು ಕೇಳುವುದು.

ಮಾರುವವರಿಗೆ ಜಾಸ್ತಿ ಹೇಳುವುದಿಲ್ಲ. ಶುಗರ್ ತೋರಿಸುತ್ತದೆ ಅಂತ ಮುಂದೆ ದಪ್ಪ ಅಕ್ಷರದಲ್ಲಿ ಹಾಕಿ, ಚಿಕಿತ್ಸೆಗಾಗಿ ಅಲ್ಲ ಅಂತ ಹಿಂದೆ ಇರುವೆಗಾತ್ರದಲ್ಲಿ ಬರೆಯುವುದನ್ನು ನಿಲ್ಲಿಸಿ. ಶುಗರ್ ಸಂಖ್ಯೆಯನ್ನು ಯಾರೂ ಮೋಜಿಗೆ ನೋಡುವುದಿಲ್ಲ.

ಅನುಮತಿ ಕೊಡುವವರೇ, 2024ರ ಫೆಬ್ರವರಿಯಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಚರ್ಮ ಚುಚ್ಚದೆ ತಾನಾಗೇ ಶುಗರ್ ಅಳೆಯುತ್ತೇವೆ ಅನ್ನುವ ಯಾವ ಸ್ಮಾರ್ಟ್‌ವಾಚ್‌ಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಅವನ್ನು ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿತು. ಅಂಥ ನೇರ ಮಾತು ಪ್ರತಿಯೊಂದು ದೇಶದ ಅಧಿಕಾರಿಗಳಿಂದಲೂ, ಅಲ್ಲಿನ ಜನರ ಭಾಷೆಯಲ್ಲೇ ಬರಬೇಕು. ಎಚ್ಚರಿಕೆ ಕಚೇರಿಯ ಪುಟದಲ್ಲಿ ಇದ್ದರೆ ಪ್ರೀತಿಯಿಂದ ವಾಚ್ ಕೊಳ್ಳುವ ಚಿಕ್ಕಪ್ಪನಿಗೆ ಅದು ಕಾಣುವುದಿಲ್ಲ. ಕೊಳ್ಳುವ ಜಾಗದಲ್ಲೇ ಕಾಣಬೇಕು.

ಈ ಪತ್ರ ಓದುತ್ತಿರುವ ಮನೆಗಳವರಿಗೂ ಒಂದು ಮಾತು. ಯಾವ ಸಾಧನ ಏನೇ ತೋರಿಸಲಿ, ಮೈ ನಡುಗಿದರೆ, ತಣ್ಣಗೆ ಬೆವರಿದರೆ, ಮಾತು ತೊದಲಿದರೆ ಕೈ ತೊಳೆದು ಬೆರಳು ಚುಚ್ಚಿ ನೋಡಿ. ಕೈ ತೊಳೆಯುವುದನ್ನು ಮರೆಯಬೇಡಿ, ಬೆರಳಿಗೆ ಅಂಟಿದ ಸಿಹಿಯೂ ಸಂಖ್ಯೆಯನ್ನು ಏರಿಸುತ್ತದೆ. ತೀರಾ ಸುಸ್ತಾಗಿದ್ದರೆ, ಮೀಟರ್ ಹತ್ತಿರ ಇಲ್ಲದಿದ್ದರೆ, ಮೊದಲು ಗ್ಲೂಕೋಸ್ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ತಕ್ಷಣ ವೈದ್ಯರ ಸಹಾಯ ಪಡೆಯಿರಿ. ವರ್ಷಗಟ್ಟಲೆ ಡಯಾಬಿಟಿಸ್ ಇರುವ ಕೆಲವರಿಗೆ ಇಳಿದಾಗ ಬೆವರು, ನಡುಕ ಏನೂ ಬರುವುದಿಲ್ಲ. ಅಂಥವರಿಗೆ ಸಂಖ್ಯೆಯೊಂದೇ ದಿಕ್ಕು. ಅದು ಸರಿಯಾದ ಸಂಖ್ಯೆಯೇ ಆಗಿರಬೇಕು.

ಸಾಧನ ಮಾಡುತ್ತಿರುವವರೇ, ನಿಮ್ಮ ಪರೀಕ್ಷೆಗೆ ಜನ ಬೇಕು ಅಂದರೆ ನಾವು ತಯಾರಿದ್ದೇವೆ. ಮಗಳನ್ನು ಕೇಳಿದೆ. ಎಷ್ಟು ಸಲ ಚುಚ್ಚಬೇಕಾಗುತ್ತದೆ ಅಂತ ಮೊದಲು ಕೇಳಿದಳು. ಹೋಲಿಸಿ ನೋಡಬೇಕಲ್ವಾ, ಮಾಮೂಲಿಗಿಂತ ಜಾಸ್ತಿ ಅಂದೆ. ಸ್ವಲ್ಪ ಹೊತ್ತು ಬೆರಳುಗಳನ್ನು ನೋಡಿಕೊಂಡು, ಆಗಲಿ ಅಂದಳು. ನಮ್ಮದು ಒಂದೇ ಕರಾರು. ಸಾಧನ ಗೆದ್ದರೂ ಸೋತರೂ, ಅವಳ ಬೆರಳಿನಿಂದ ಬಂದ ಪ್ರತಿಯೊಂದು ಸಂಖ್ಯೆಯನ್ನೂ ನಿಮ್ಮ ಸಾಧನದ ಸಂಖ್ಯೆಯ ಪಕ್ಕದಲ್ಲಿಟ್ಟು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. 46 ಕೂಡ.

ನಿಮ್ಮ ಸಾಧನಕ್ಕಾಗಿ ಕಾಯುತ್ತಿರುವ,
ಒಬ್ಬ ಅಪ್ಪ